ಬೂಸ್ಟು ಹಿಡಿದ ತಟ್ಟೆ

ಗುರುವಾರ, ಊಟದ ಬಿಡುವು

ಮೊಂಡು ಅಕ್ಕನಿಗೆ,

ಫೋನಿನಲ್ಲಿ ಮೂರು ಸಲ ಹೇಳಲು ಹೋದೆ, ಮೂರು ಸಲವೂ ಊಟವಾಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೂತು ಓದು.

ನಿನ್ನ ಬೆರಳಿನ ಗಂಟು ಈಗ ಮೊಣಕೈವರೆಗೆ ಸಾಲುಗಟ್ಟಿ ಏರಿದೆ ಎಂದು ಭಾವ ಹೇಳಿದರು. ಪ್ರಾಣಿಗಳ ಡಾಕ್ಟರಿಗೆ ಬೆಕ್ಕು ಪರಚುವುದು ಯಾವ ಮಹಾ ಎಂದು ನೀನು ನಕ್ಕೆಯಂತೆ. ನನಗೆ ನಗು ಬರಲಿಲ್ಲ.

ನಿನ್ನನ್ನು ಪರಚಿದ, ಮೂಗಿನ ಮೇಲೆ ಹುಣ್ಣಾಗಿದ್ದ ಆ ಬೀದಿ ಬೆಕ್ಕಿನ ಕೀವನ್ನು ನಮ್ಮ ಲ್ಯಾಬಿಗೆ ಕಳಿಸಿದ್ದೆಯಲ್ಲ, ತಂಗಿ ಇದ್ದಾಳೆಂಬ ಧೈರ್ಯದಲ್ಲಿ, ಎಂದಿನ ಅಭ್ಯಾಸದಂತೆ ವಿವರದ ಚೀಟಿಯನ್ನೂ ಅಂಟಿಸದೆ? ಕ್ರಿಮಿ ಬೆಳೆಸುವ ತಟ್ಟೆಗೆ ಅದನ್ನು ಸವರಿಟ್ಟೆ. ಎರಡು ದಿನ ಖಾಲಿ. ಏನೂ ಬೆಳೆದಿಲ್ಲ ಎಂದು ವರದಿ ಕೊಟ್ಟೆ. ಆರನೆಯ ದಿನ ಬಿಸಾಡಲು ತೆಗೆದರೆ ಬಿಳಿ ಬೂಸ್ಟು, ಅಂಚು ಕಪ್ಪಾಗುತ್ತಿತ್ತು. ನಮ್ಮ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಗಾಳಿಯ ಬೂಸ್ಟು ತಟ್ಟೆಗೆ ಬೀಳುವುದು ನಮ್ಮ ದಿನನಿತ್ಯದ ಗೋಳು. ಕಿಟಕಿಗೆ ಶಾಪ ಹಾಕಿ ತಟ್ಟೆಯನ್ನು ಕಸಕ್ಕೆ ಎಸೆದೆ. ಅದು ಗಾಳಿಯದಲ್ಲ ಅಕ್ಕಾ, ಬೆಕ್ಕಿನದು. ಅದೇ ಈಗ ನಿನ್ನ ತೋಳಿನಲ್ಲಿದೆ.

ಅಪರೂಪದ ಫಂಗಸ್. ಚರ್ಮದಲ್ಲೇ ಇದ್ದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಆದರೆ ನೀನು ಕೀಲುನೋವಿಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವಳು, ರೋಗ ತಡೆಯುವ ಶಕ್ತಿ ಕಡಿಮೆ. ಮೂಳೆಗೋ ಶ್ವಾಸಕೋಶಕ್ಕೋ ಇಳಿದರೆ? ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದು ಹೋಗಿ ಆ ದರಿದ್ರ ಕಿಟಕಿಯನ್ನು ಜಗ್ಗಿ ಬಂದೆ.

ನಾಳೆ ಗಂಟುಗಳನ್ನು ಕುಯ್ಯಿಸಿಕೊಂಡು ಕೈತೊಳೆದುಕೊಳ್ಳುತ್ತೀಯಂತೆ. ಬೇಡ. ಬರೀ ಕುಯ್ದರೆ ಹೋಗುವ ಕಾಯಿಲೆಯಲ್ಲ ಇದು. ಈ ಪತ್ರವನ್ನೇ ನಿನ್ನ ಡಾಕ್ಟರಿಗೆ ತೋರಿಸು. ಗಂಟಿನ ಚೂರು ತೆಗೆದು ಫಂಗಸ್ ಪರೀಕ್ಷೆಗೆ ಕಳಿಸಲಿ. ನನ್ನ ಕೆಲಸ ಹೋದರೆ ಹೋಗಲಿ. ನನ್ನ ಜಡೆ ಹೆಣೆದು, ಅದೇ ಜಡೆ ಹಿಡಿದು ಎಳೆಯುತ್ತಿದ್ದ ಕೈ ಅದು, ನನಗೆ ಬೇಕು.

ನಾನೇ ಬಂದು ಹೇಳಬೇಕಿತ್ತು. ರಜೆ ಸಿಗಲಿಲ್ಲ.

ನಿನ್ನ ಬೈಗುಳಕ್ಕೆ ಕಾದಿರುವ
ತಂಗಿ

ಇನ್ನೊಂದು ಮಾತು: ರಜೆಯ ಮಾತು ಸುಳ್ಳು. ಹತ್ತು ದಿನದ ಹಿಂದೆ ನಿನ್ನ ಗಂಟಿನ ಸುದ್ದಿ ಕೇಳಿದೊಡನೆ ಅನುಮಾನ ಬಂದು, ರಜೆ ಹಾಕಿ ನಿನ್ನ ದವಾಖಾನೆಗೆ ಬಂದಿದ್ದೆ. ನೀನು ಊಟಕ್ಕೆ ಹೋಗಿದ್ದೆ. ಮುಖ ತೋರಿಸುವ ಧೈರ್ಯವಾಗದೆ, ಗೂಡಿನಲ್ಲಿದ್ದ ಅದೇ ಬೆಕ್ಕಿನ ಕೀವು ಮಾತ್ರ ತೆಗೆದುಕೊಂಡು ಓಡಿಬಂದೆ. ಏನೂ ಬೆಳೆಯದಿರಲಿ ಎಂದು ದಿನಾ ಬೇಡಿಕೊಂಡೆ. ಅದೇ ಬೂಸ್ಟು ಬೆಳೆಯಿತು. ಈ ಸಲ ತಟ್ಟೆಗೆ ಚೀಟಿ ಅಂಟಿಸಿ ಭದ್ರವಾಗಿ ಇಟ್ಟಿದ್ದೇನೆ. ಅವತ್ತು ಕೀವು ತೆಗೆಯುವ ಅವಸರದಲ್ಲಿ ಕೈಗವಸು ಹಾಕಿರಲಿಲ್ಲ, ಬೆಕ್ಕು ಪರಚಿತು. ಇವತ್ತು ಬೆಳಿಗ್ಗೆ ಹೆಬ್ಬೆರಳಲ್ಲಿ ಗಂಟು ಎದ್ದಿದೆ. ಮಾತ್ರೆ ಬರೆಸುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗು.