ರೆಕ್ಕೆಯೆಮ್ಮೆಯ ಕಣ್ಣು

ಸಾರವಾಡ
೧೦ ಡಿಸೆಂಬರ್ ೨೦೨೫

ಪ್ರೀತಿಯ ಶೈಲಕ್ಕನಿಗೆ,

ನಿನ್ನ ತಂಗಿ ರಾಜೇಶ್ವರಿ ಕೈ ಮುಗಿದು ಬರೆಯುವುದೇನೆಂದರೆ, ನಾವಿಬ್ಬರೂ ಇದ್ದೇವೆ, ಉಣ್ಣುತ್ತೇವೆ, ಮಲಗುತ್ತೇವೆ. ನಾನು ಫೋನ್ ಎತ್ತುತ್ತಿಲ್ಲವೆಂದು ನೀನು ಸಿಟ್ಟಾಗಿರುತ್ತೀ. ಆಗು, ದೊಡ್ಡವಳು, ನಿನಗೆ ಆ ಹಕ್ಕಿದೆ. ಆದರೆ ಫೋನಿನಲ್ಲಿ ನನಗೆ ಅಳು ಮೊದಲು ಬರುತ್ತದೆ, ಮಾತು ಆಮೇಲೆ. ಅಲ್ಲದೆ ಇವರೂ ಮನೆಯಲ್ಲೇ ಇರುತ್ತಾರೆ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ವಿಜಯಪುರದ ಪ್ರದರ್ಶನ ಹೇಗಾಯಿತು ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಇದು ತಲೆಗೆ ಹತ್ತುವುದಿಲ್ಲ.

ಇವರ ಹುಚ್ಚು ನಿನಗೆ ಹೊಸದಲ್ಲ. ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ತಿದ್ದುವ ಮನುಷ್ಯ. ಯಾರ ಕೈಕೆಳಗೂ ಕಲಿತವರಲ್ಲ. ಗಿರಾಕಿ ಇಲ್ಲದಾಗ ಎರೆಮಣ್ಣು ಮಿದ್ದಿ ಒಂಟೆ ಕೊರಳಿನ ಮೊಸಳೆ, ಟ್ರ್ಯಾಕ್ಟರ್ ಮೋರೆಯ ಗೂಬೆ ಎಂದು ಲೋಕದಲ್ಲಿಲ್ಲದ್ದನ್ನೆಲ್ಲ ಮಾಡಿ ಹಳೆ ಟೈರುಗಳ ಮೇಲೆ ಕೂರಿಸುತ್ತಾರೆ. ಈ ಹುಚ್ಚು ಹಚ್ಚಿದವಳು ನಮ್ಮ ನೀಲಾ. ಮಣ್ಣೆತ್ತಿನ ಅಮಾವಾಸ್ಯೆಗೆ ಇವರು ಎತ್ತು ಮಾಡಲು ಕುಳಿತರೆ, "ಯಪ್ಪಾ, ಎತ್ತು ಎಲ್ಲಾರ ಮನ್ಯಾಗೂ ಇರ್ತಾವ. ನಮ್ಮ ಮನ್ಯಾಗ ಹಾರೋ ಎಮ್ಮಿ ಇರ್ಲಿ" ಎಂದಳು. ಇವರು ಎಮ್ಮೆ ಮಾಡಿ ರೆಕ್ಕೆ ಹಚ್ಚಿದರು. ಕಣ್ಣಿಗೆ ಗುಲಗಂಜಿ ಒತ್ತಲು ಹೋದರೆ ಬಿಡಲಿಲ್ಲ. ತನ್ನ ಕಿರುಬೆರಳನ್ನೇ ಹಸಿಮಣ್ಣಿಗೆ ಒತ್ತಿ ಎರಡು ಕುಳಿ ಮಾಡಿದಳು. ಹಬ್ಬ ಮುಗಿದ ಮೇಲೆ ಮಣ್ಣಿನ ಎತ್ತುಗಳನ್ನೆಲ್ಲ ನೀರಿಗೆ ಬಿಟ್ಟೆವು. ಅವಳು ಎಮ್ಮೆಯನ್ನು ಮಾತ್ರ ಜೋಳದ ಚೀಲದ ಹಿಂದೆ ಬಚ್ಚಿಟ್ಟಳು.

ಅದೇ ವರ್ಷ ಶ್ರಾವಣದಲ್ಲಿ ಡೆಂಗಿ ಜ್ವರ ಅವಳನ್ನು ಒಯ್ದಿತು. ಅಂದಿನಿಂದ ಇವರು ಮಾಡುವ ಯಾವ ಪ್ರಾಣಿಗೂ ಕಣ್ಣಿಲ್ಲ. ಅವಳ ಹೆಸರನ್ನು ನಾವಿಬ್ಬರೂ ಮನೆಯಲ್ಲಿ ಎತ್ತುವುದಿಲ್ಲ. ಎತ್ತಿದರೆ ಯಾರು ಮೊದಲು ಕುಸಿಯುತ್ತೇವೋ ಎಂಬ ಅಂಜಿಕೆ.

ಈ ಬೇಸಿಗೆಯಲ್ಲಿ ವಿಜಯಪುರದ ಚೇತನಕುಮಾರ ಎಂಬವರು ಕಾರಿನ ಗಾಲಿ ತಿದ್ದಿಸಲು ಬಂದು, ಈ ಪ್ರಾಣಿಗಳನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಕಲಾಕೃತಿ ಮಾರುವವರು. ಮನೆಯ ತನಕ ಬಂದರು. "ಒಂದನ್ನ ಕಂಚಿನ್ಯಾಗ ಎರಕ ಹೊಯ್ಸೋಣ್ರಿ. ಹನ್ನೆರಡ ಪ್ರತಿ. ಆಮ್ಯಾಲ ಅಚ್ಚ ಒಡದುಬಿಡ್ತೀವಿ, ಹದಿಮೂರನೇದು ಜಗತ್ತಿನ್ಯಾಗ ಇರಂಗಿಲ್ಲ. ಮೊದಲನೇದು ನಿಮಗ" ಎಂದರು. ಇವರು ಗೂಬೆ ಕೊಡುತ್ತೇನೆಂದರು. ನಾನು ಒಳಗಿನಿಂದ, "ಎಮ್ಮಿ ಕೊಡ್ರಿ" ಎಂದೆ. ಇವರು ತಿರುಗಿ ನನ್ನನ್ನು ನೋಡಿದರು.

ಯಾಕೆ ಅಂದೆ ಹೇಳಲೇ? ಅದು ಸುಡದ ಮಣ್ಣು, ಅಕ್ಕ. ಪ್ರತಿ ಮಳೆಗಾಲಕ್ಕೂ ಸ್ವಲ್ಪ ಉದುರುತ್ತಿತ್ತು. ಕಂಚಿಗೆ ಇಳಿದರೆ ಆ ಎರಡು ಬೆರಳಗುರುತು ನಾನು ಸತ್ತ ಮೇಲೂ ಉಳಿಯುತ್ತವೆ ಎಂದುಕೊಂಡೆ. ಮರುದಿನ ಇವರೇ ಎಮ್ಮೆಯನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ದರು, ಅಲ್ಲಿಂದ ಅದು ವಿಜಯಪುರಕ್ಕೆ ಹೋಯಿತು. ನಾನು ತಿಂಗಳುಗಟ್ಟಲೆ ಆ ಕಂಚಿನ ದಾರಿ ಕಾಯ್ದೆ.

ಹೋದ ರವಿವಾರ ಪ್ರದರ್ಶನ. ನನ್ನ ಇಳಕಲ್ ಸೀರೆ, ಇವರಿಗೆ ಮಡಿಕೆ ಮುರಿಯದ ಅಂಗಿ. ವೇದಿಕೆಗೆ ಕರೆದು ಶಾಲು ಹೊದಿಸಿ, ಇವರ ಕೈಗೆ ಸುತ್ತಿಗೆ ಕೊಟ್ಟು ಎಲ್ಲರೆದುರು ಅಚ್ಚು ಒಡೆಸಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಹುಚ್ಚಿ. ಆಮೇಲೆ ಮೇಜಿನ ಮೇಲಿನ ಬಟ್ಟೆ ಸರಿಸಿದರು. ಹನ್ನೆರಡು ಎಮ್ಮೆ ಸಾಲಾಗಿ ನಿಂತಿದ್ದವು.

ಬಗ್ಗಿ ನೋಡಿದೆ. ಕಣ್ಣಿರಲಿಲ್ಲ. ಎರಡನೆಯದನ್ನು ನೋಡಿದೆ, ಮೂರನೆಯದನ್ನು ನೋಡಿದೆ. ಕುಳಿ ಇದ್ದ ಜಾಗ ನುಣ್ಣಗೆ ಬೋಳಾಗಿತ್ತು. ಪಕ್ಕದಲ್ಲಿ ಯಾರೋ ಪುಣೆಯವರು, ಕಣ್ಣಿಲ್ಲದ್ದರಲ್ಲೇ ಇದರ ಚೆಂದವಿದೆ ಎಂದು ಹೊಗಳುತ್ತಿದ್ದರು.

ನಾನು ಅಷ್ಟು ಮಂದಿಯೆದುರು ಚೇತನಕುಮಾರರ ಮೇಲೆ ಹರಿಹಾಯ್ದೆ. "ಯಾರನ್ನ ಕೇಳಿ ಕಣ್ಣ ಅಳಿಸಿದ್ರಿ? ನಿಮ್ಮ ಕೈಯಾಗ ಕೊಟ್ಟಿದ್ದ ತಪ್ಪಾತೇನು?" ಅವರ ಮುಖ ಬಿಳಚಿಕೊಂಡಿತು. "ಅಕ್ಕಾರ, ಇವರ ಯಾವ ಪ್ರಾಣಿಗೂ ಕಣ್ಣ ಇರಂಗಿಲ್ಲಲ್ರಿ?" ಎಂದರು. ಹಾಗಾದರೆ ನಮ್ಮ ಮಣ್ಣಿನ ಎಮ್ಮೆ ಕೊಡಿ ಎಂದೆ. ಎರಕ ಹೊಯ್ದ ನಾಸೀರ ಭಾಯಿ ಮುಂದೆ ಬಂದು, "ಸುಡಲಾರದ ಮಣ್ಣ ಅಚ್ಚಿನಿಂದ ಇಡಿಯಾಗಿ ಹೊರಗ ಬರಂಗಿಲ್ರಿ ಅಕ್ಕಾರ. ಕೆದರಿ ತಗೀಬೇಕಾಗತೈತಿ. ಚೂರು ಅದಾವ, ಚೆಲ್ಲಿಲ್ಲ" ಎಂದು ಒಂದು ಚೀಲ ತಂದಿಟ್ಟರು.

ಎಮ್ಮೆ ಹೋಯಿತು, ಅಚ್ಚು ಹೋಯಿತು. ನಾನು ಅಲ್ಲೇ ನೆಲಕ್ಕೆ ಕುಳಿತೆ. ನಾಸೀರ ಭಾಯಿ ಪಾಪ, ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ತಮ್ಮ ಮೊಬೈಲು ತೋರಿಸಿದರು. "ನಾವು ಕೈ ಹಚ್ಚೋದಕ್ಕ ಮೊದಲ ಫೋಟೋ ತಗೀತೀವ್ರಿ. ನಮ್ಮ ಹತ್ರ ಬಂದಾಗನ ಇದು ಹಿಂಗ ಇತ್ತು." ಫೋಟೋದಲ್ಲಿ ನಮ್ಮ ಎಮ್ಮೆ, ನಮ್ಮ ಮಣ್ಣು, ಒಡೆದ ಬಲರೆಕ್ಕೆಯ ತುದಿ ಕೂಡ ಅದೇ. ಕಣ್ಣು ಮಾತ್ರ ಮುಚ್ಚಿತ್ತು.

ತಲೆಯೆತ್ತಿ ಇವರನ್ನು ಹುಡುಕಿದೆ. ಶಾಲು ಹೊದ್ದುಕೊಂಡೇ ಬಾಗಿಲ ಹತ್ತಿರ ನಿಂತಿದ್ದರು. ಚೂರಿನ ಚೀಲ ಮಡಿಲಲ್ಲಿಟ್ಟುಕೊಂಡು ಇವರ ಜೊತೆ ಬಸ್ಸಿನಲ್ಲಿ ಸಾರವಾಡಕ್ಕೆ ಬಂದೆ. ಚೇತನಕುಮಾರರ ಬಳಿ ನಾನು ಕ್ಷಮೆ ಕೇಳಬೇಕು, ಕೇಳುತ್ತೇನೆ. ಇವತ್ತು ಆಗುವುದಿಲ್ಲ.

ಇಲ್ಲಿ ಬಿಳಿಜೋಳ ಚೆನ್ನಾಗಿ ಎದ್ದಿದೆ. ಎಳ್ಳ ಅಮಾವಾಸ್ಯೆಗೆ ಬಾ, ಸಜ್ಜಿ ಕಡಬು ಮಾಡುತ್ತೇನೆ, ಹೊಲಕ್ಕೆ ಚರಗದ ಎಡೆ ಚೆಲ್ಲಲು ಜೊತೆಗೆ ಹೋಗೋಣ. ಮಾವನವರಿಗೆ ಶರಣು ತಿಳಿಸು. ಮಕ್ಕಳಿಗೆ ಈ ಚಿಗವ್ವನ ಆಯುಷ್ಯವೂ ಸೇರಿ ನೂರು ವರ್ಷವಾಗಲಿ.

ಇಂತಿ ನಿನ್ನ
ರಾಜಿ

ತಾ. ಕ.: ಕಣ್ಣು ಮುಚ್ಚಿದವರು ಇವರೇ, ಅಕ್ಕ. ನಿನ್ನೆ ನೀರೊಲೆಯ ಮುಂದೆ ಕುಳಿತಾಗ ತಾವಾಗಿಯೇ ಹೇಳಿದರು. "ಎಮ್ಮಿ ನಾ ಮಾಡಿದ್ದು, ಮಾರಿದ್ರ ನಡೀತೈತಿ. ನಮ್ಮ ನೀಲಾನ ಬೆರಳು ಮಂದಿ ಮನ್ಯಾಗ ಯಾಕ ಇರಬೇಕು? ಕಂಡಕಂಡವರು ಅದರಾಗ ಬೆರಳ ಹಾಕಿ ನೋಡ್ತಾರ. ನನಗ ತಡಕೊಳ್ಳಾಕ ಆಗಲಿಲ್ಲ" ಎಂದರು. ಎರಡು ವರ್ಷದ ಮೇಲೆ ಅವರ ಬಾಯಲ್ಲಿ ಅವಳ ಹೆಸರು ಕೇಳಿದೆ. ಮಣ್ಣು ತುಂಬುವ ಮೊದಲು ಆ ಕುಳಿಯಲ್ಲಿ ತಮ್ಮ ಕಿರುಬೆರಳು ಇಟ್ಟು ನೋಡಿದರಂತೆ. "ಹಿಡಿಸಲಿಲ್ಲ ರಾಜಿ, ನನ್ನ ಬೆರಳು ದಪ್ಪ" ಎಂದು ಮಗುವಿನಂತೆ ಅತ್ತರು. ನನ್ನ ಬೆರಳು ಸಣ್ಣವು, ಅಕ್ಕ. ಎಲ್ಲಿ ಉದುರೀತೋ ಎಂದು ಅಂಜಿ, ನಾನು ಒಮ್ಮೆಯೂ ಇಟ್ಟು ನೋಡಿರಲಿಲ್ಲ.