ಬಿಳಿ ಕವರಿನ ಮುಯ್ಯಿ

ಸ್ಟರ್ಲಿಂಗ್ ಹೈಟ್ಸ್
13 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ನಿಂಗಿ,

ನೀನು, ರೇವಣಪ್ಪನವರು, ಮಾನಸ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ. ಅನುವಿನ ಮದುವೆಯಾಗಿ ಆರು ವಾರವಾಯಿತು, ಅಂಬುಜಾ ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈಕೋ. ಆದರೆ ಹನ್ನೊಂದು ಸಲ ಫೋನ್ ಮಾಡಿದವಳು ನಾನು, ಎತ್ತದವಳು ನೀನು. ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳನ್ನೆಲ್ಲ ನೋಡಿದ್ದೀಯ, ಒಂದಕ್ಕೂ ಉತ್ತರವಿಲ್ಲ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅವಸರದ ವಿಷಯವೂ ಒಂದಿದೆ. ಇಪ್ಪತ್ತೇಳನೇ ತಾರೀಕು ಭಾನುವಾರ ಅನುವಿನ ಅತ್ತೆ ವುಡ್‌ರಿಡ್ಜ್‌ಗೆ, ನಿನ್ನ ಮನೆಗೇ ಬರುತ್ತಿದ್ದಾರೆ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ನನ್ನ ಸಂತೋಷ ಕೇಳು. ನಿನ್ನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಜಂಬ ಕೊಚ್ಚಿಕೊಳ್ಳಲಿ?

ಇಂಥ ಮದುವೆಯನ್ನು ಡೆಟ್ರಾಯಿಟ್ ಸುತ್ತಮುತ್ತ ನಮ್ಮವರು ಯಾರೂ ಮಾಡಿರಲಿಲ್ಲ. ಇದು ನನ್ನ ಮಾತಲ್ಲ, ಲತಾಶ್ರೀಯ ಮಾತು. ಸಾರಿಗೆ ಉಪ್ಪು ಹೆಚ್ಚು, ಸೀರೆಗೆ ಅಂಚು ಕಡಿಮೆ ಎನ್ನುವ ಲತಾಶ್ರೀ! ನೂರ ಎಂಬತ್ತು ಜನರ ಎದುರು ನನ್ನ ಕೈಹಿಡಿದು, "ಅಂಬುಜಾ, ನೀವು ಗೆದ್ಬಿಟ್ರಿ ಕಣ್ರೀ" ಅಂದಳು. ಆ ಒಂದು ಮಾತಿಗೆ ನನ್ನ ಮಂಡಿನೋವೆಲ್ಲ ಇಳಿದುಹೋಯಿತು.

ಅವತ್ತಿನ ಗಡಿಬಿಡಿಯಲ್ಲಿ ನಿನಗೆ ಬೀಗರ ಪರಿಚಯವನ್ನು ಸರಿಯಾಗಿ ಮಾಡಿಸಲೂ ಆಗಲಿಲ್ಲ. ನಮ್ಮ ಅಳಿಯ ಹಾವೊರಾನ್, ಡಿಯರ್‌ಬಾರ್ನ್‌ನಲ್ಲಿ ಅನುವಿನ ಜೊತೆಗೇ ಎಂಜಿನಿಯರ್. ಅವನ ತಂದೆ ಗುವೊ ಚೀನಾದ ನಿಂಗ್ಬೊ ಎಂಬ ಊರಿನಲ್ಲಿ ರಸ್ತೆ ಬದಿ ಕೂತು ಸೈಕಲ್ ಸೀಟಿಗೆ ಕವರ್ ಹೊಲಿಯುತ್ತಿದ್ದವರಂತೆ. ಇವತ್ತು ಕಾರಿನ ಸೀಟು ಹೊಲಿಯುವ ಮೂರು ಫ್ಯಾಕ್ಟರಿ ಅಲ್ಲಿವೆ, ನಾಲ್ಕನೆಯದು ನಮ್ಮೂರಲ್ಲೇ, ನಮ್ಮ ಮನೆಯಿಂದ ನಾಲ್ಕು ಮೈಲಿ. ಮನೆಯನ್ನು ಸಾಲ ಮಾಡದೆ ಒಂದೇ ಸಲಕ್ಕೆ ಕೊಂಡಿದ್ದಾರೆ. ಎರಡು ಪಿಯಾನೊ ಇವೆ, ನುಡಿಸುವವರು ಒಬ್ಬರೂ ಇಲ್ಲ. ಹೆಂಡತಿ ಷೂಫೆನ್‌ಗೆ ಕೈಚೀಲ ಇಡುವುದಕ್ಕೇ ಒಂದು ರೂಮು, ಒಂದೊಂದು ಚೀಲಕ್ಕೂ ಒಂದೊಂದು ದೀಪ. ನಮ್ಮ ಯಜಮಾನರು ಪದ್ಮನಾಭ ಬಾಗಿಲಲ್ಲಿ ನಿಂತು, "ಒಳಗೆ ಚಪ್ಪಲಿ ಬಿಟ್ಟು ಹೋಗ್ಬೇಕೇನೇ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಕಾರಿನ ನಂಬರು ಎಂಟು ಎಂಟು ಎಂಟು. ಅವರಿಗೆ ಎಂಟು ಅಂದರೆ ಸಂಪತ್ತಂತೆ. ನಮ್ಮವರು ಎಂಟು ಶನಿಯ ಸಂಖ್ಯೆ ಎಂದು ಶುರು ಮಾಡುವಷ್ಟರಲ್ಲಿ ನಾನು ಕಾಲು ತುಳಿದೆ.

ಹೊರಗೆ ಬಂದ ಮೇಲೆ ಕಾರಿನಲ್ಲಿ ಕೂತು ಗಾದೆ ಹೇಳಿದರು: "ಅಲ್ಪಂಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ." ನನಗೆ ಉರಿದುಹೋಯಿತು. "ಮೂವತ್ತು ವರ್ಷ ಡ್ಯೂಟಿ ಮಾಡಿದ್ರಲ್ಲ, ನಿಮ್ಮ ಕೊಡೆ ಎಲ್ಲಿದೆ ತೋರ್ಸಿ ಮೊದ್ಲು" ಅಂದೆ. ಹೇಳು ನಿಂಗಿ, ಹೊಟ್ಟೆ ಬಟ್ಟೆ ಕಟ್ಟಿ ಮೇಲೆ ಬಂದವರು ಸ್ವಲ್ಪ ಮೆರೆದರೆ ತಪ್ಪೇನು? ಕೂತು ತಿಂದ ಮನೆತನದವರಿಗೆ ತೋರಿಸಿಕೊಳ್ಳುವ ಅಗತ್ಯ ಬರುವುದಿಲ್ಲ, ಅಷ್ಟೆ.

ಆದರೆ ಗುವೊ ಮತ್ತು ಇವರ ಜೋಡಿಯನ್ನು ಹೋಟೆಲಿನಲ್ಲಿ ನೋಡಬೇಕಿತ್ತು ನೀನು. ಬಿಲ್ಲು ತಾನೇ ಕೊಡಬೇಕೆಂದು ಇವರು ಬಾತ್‌ರೂಮಿಗೆ ಹೋಗುವ ನೆಪ ಮಾಡಿ ಕೌಂಟರಿಗೆ ಹೋದರೆ, ಆ ಮನುಷ್ಯ ಊಟಕ್ಕೆ ಕೂರುವ ಮೊದಲೇ ಕಾರ್ಡು ಕೊಟ್ಟಾಗಿತ್ತು! ಇಬ್ಬರೂ ಕೌಂಟರಿನ ಮುಂದೆ ಒಬ್ಬರ ಕೈ ಒಬ್ಬರು ಹಿಡಿದು ಎಳೆದಾಡಿದರು. ಮೈಸೂರಿನಲ್ಲಿ ನಮ್ಮಪ್ಪ ಬಸ್ಸಿನ ಟಿಕೇಟಿಗೆ ಹೀಗೇ ಜಗಳ ಆಡುತ್ತಿದ್ದರು. ಅವತ್ತೇ ಅನ್ನಿಸಿತು, ಈ ಜನ ನಮ್ಮವರೇ ಎಂದು.

ಹಾಗೆಂದು ನಾನೇನು ಕಡಿಮೆ ಬಿದ್ದೆನೆ? ಅವರಲ್ಲಿ ಸೊಸೆಗೆ ಬಳೆ, ಸರ, ಓಲೆ ಎಂದು ಮೂರು ಚಿನ್ನ ಇಡುತ್ತಾರೆ. ನಾನು ಐದು ಇಟ್ಟೆ. ಷಿಕಾಗೋದ ಡೆವಾನ್ ರಸ್ತೆಯಲ್ಲಿ ಆ ಡಾಬು ಕೊಳ್ಳುವಾಗ ನೀನೇ ಪಕ್ಕದಲ್ಲಿದ್ದು, "ಅಂಬು, ಸಾಕು ಕಣೇ, ಅನು ಇದನ್ನ ಜೀನ್ಸ್ ಮೇಲೆ ಹಾಕ್ಕೋತಾಳಾ?" ಎಂದು ಸೆರಗು ಜಗ್ಗಿದೆ. ನಾನು ಕೇಳುವ ಪೈಕಿಯೇ? ಊಟಕ್ಕೆ ಅವರ ಕಡೆಯಿಂದ ಹನ್ನೆರಡು ಬಗೆ ಎಂದರೆ ನಮ್ಮ ಕಡೆಯಿಂದ ಇಪ್ಪತ್ತೊಂದು ಬಗೆ. ಅವರು ಎಂಟು ಕಪ್ಪು ಕಾರಿನಲ್ಲಿ ಬಂದರೆ ನಾವು ಕುದುರೆ ತರಿಸಿದೆವು, ಆ ಕುದುರೆ ಹೋಟೆಲಿನವರ ಹೂಕುಂಡ ತಿಂದಿತು. ಪದ್ಮನಾಭರ ನಿವೃತ್ತಿ ಎರಡು ವರ್ಷ ಮುಂದಕ್ಕೆ ಹೋಗಿದೆ. ಹೋಗಲಿ ಬಿಡು, ಮನೆಯಲ್ಲಿ ಕೂತು ಅವರಾದರೂ ಏನು ಮಾಡುತ್ತಿದ್ದರು?

ನಿನ್ನ ಒಬ್ಬಟ್ಟಿನ ಮಾತು ಬೇರೆಯೇ ಬರೆಯಬೇಕು. ಮುನ್ನೂರು ಒಬ್ಬಟ್ಟು ತಟ್ಟಿ, ಐದು ಗಂಟೆ ಡ್ರೈವ್ ಮಾಡಿಕೊಂಡು ತಂದೆಯಲ್ಲ, ಒಂದೂ ಹರಿದಿರಲಿಲ್ಲ. ಗುವೊ ಏಳು ತಿಂದರು. ಹೋಟೆಲಿನ ಕೇಕು ಮೂರು ಅಂತಸ್ತಿನದು, ಹಾಗೇ ಉಳಿಯಿತು. "ಇದು ನಮ್ಮ ಮನೆಯಲ್ಲೇ ಮಾಡಿದ್ದು" ಎಂದು ನಾನು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ನಿನ್ನ ಮನೆ ನನ್ನ ಮನೆ ಬೇರೆಯೇ?

ಈಗ ಅವಸರದ ವಿಷಯ. ಕಳೆದ ಗುರುವಾರ ಷೂಫೆನ್ ನಮ್ಮ ಮನೆಗೆ ಗೊಂಬೆ ನೋಡಲು ಬಂದಿದ್ದರು. ಒಂಬತ್ತು ಮೆಟ್ಟಿಲಿನ ನನ್ನ ಗೊಂಬೆ ನೋಡಿ ಬಾಯಿ ತೆರೆದವರು ಮುಚ್ಚಲಿಲ್ಲ. ಚಹಾ ಕುಡಿಯುತ್ತ ಇದ್ದಕ್ಕಿದ್ದಂತೆ ಮದುವೆ ದಿನದ ಮಾತೆತ್ತಿದರು. ಜೊತೆಗೆ ಬಂದಿದ್ದ ಹಾವೊರಾನ್ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದ.

ಅವತ್ತು ಕವರಿನ ವಿಷಯದಲ್ಲಿ ಒಂದು ಸಣ್ಣ ಗೊಂದಲವಾಯಿತಲ್ಲ, ಅದೇ. ಅವರಲ್ಲಿ ಮದುವೆಗೆ ದುಡ್ಡು ಕೊಟ್ಟರೆ ಕೆಂಪು ಕವರು, ಸರಿಸಂಖ್ಯೆ. ಬಿಳಿ ಕವರು, ಬೆಸ ಸಂಖ್ಯೆ ಎಂದರೆ ಸಾವಿನ ಮನೆಗೆ ಕೊಡುವುದು. ನಮಗೋ, ಒಂದು ಸೇರಿಸದಿದ್ದರೆ ಮುಯ್ಯಿಯೇ ಅಲ್ಲ. ಸೊನ್ನೆಗೆ ನಿಲ್ಲಿಸಿದರೆ ಸಂಬಂಧವೂ ಅಲ್ಲಿಗೇ ನಿಲ್ಲುತ್ತದೆ ಎನ್ನುತ್ತಿದ್ದರು ನಮ್ಮಜ್ಜಿ. ತಾಂಬೂಲದ ತಟ್ಟೆಯಲ್ಲಿ ಆ ಬಿಳಿ ಕವರು, ಅದರ ಮೇಲೆ ಅಂಟಿಸಿದ ಒಂದು ಡಾಲರಿನ ನಾಣ್ಯ ನೋಡಿ ಷೂಫೆನ್ ಮುಖ ಕಪ್ಪಿಟ್ಟಿತು. ಹೇಗೋ ಅದಕ್ಕೆ ನಿನ್ನ ಹೆಸರು ಅಂಟಿಕೊಂಡಿತು. ನೀನೂ ಊಟ ಮಾಡದೆ ಹೊರಟುಬಿಟ್ಟೆ.

ಈಗ ಆ ಹೆಂಗಸು ಹೇಳುತ್ತಾರೆ: "ನಾನು ಮುಖ ತಿರುಗಿಸಿದ್ದಕ್ಕೆ ನಿಮ್ಮ ಅಡುಗೆಯವರು ಹಸಿದುಕೊಂಡು ಹೋದರು. ಎಲ್ಲರೆದುರು ಅವರ ಮಾನ ತೆಗೆದೆ. ಗಂಡನ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಒಂಬತ್ತು ವರ್ಷ ಇನ್ನೂರು ಜನಕ್ಕೆ ಅನ್ನ ಬೇಯಿಸಿದವಳು ನಾನು. ಅಡುಗೆ ಮಾಡಿದವಳು ಉಣ್ಣದೆ ಹೋಗುವುದು ಏನೆಂದು ನನಗೆ ಗೊತ್ತು." ಷಿಕಾಗೋಗೆ ನೆಂಟರ ಮನೆಗೆ ಹೋಗುವುದಿದೆಯಂತೆ, ಹಾದಿಯಲ್ಲಿ ಇಳಿದು ನಿನ್ನ ಕೈಗೆ ಕೆಂಪು ಕವರು ಕೊಟ್ಟು ಹೋಗುತ್ತಾರಂತೆ. ನಾನು ಬೇಡವೆಂದಷ್ಟೂ ಅವರ ಹಟ ಜಾಸ್ತಿಯಾಯಿತು.

ಆದ್ದರಿಂದ ನಿಂಗಿ, ಒಂದೇ ಒಂದು ಕೇಳಿಕೊಳ್ಳುತ್ತೇನೆ. ಅವರು ಹನ್ನೊಂದು ಗಂಟೆಗೆ ಬರುತ್ತಾರೆ. ಕಾಫಿ ಕೊಡು, ಕವರು ತೆಗೆದುಕೋ, ನಗು. ಹಳೆಯದನ್ನು ಕೆದಕಬೇಡ, ಯಾರ ಕವರು ಏನು ಎಂಬ ಮಾತು ಬೇಡ. ಅನು ಹೊಸ ಮನೆಯಲ್ಲಿ ತಲೆಯೆತ್ತಿ ಬಾಳಬೇಕಾದವಳು. ನಿನಗೆ ನಾನು ಹೇಳಿಕೊಡಬೇಕೆ?

ರೇವಣಪ್ಪನವರಿಗೆ ನಮಸ್ಕಾರ. ಅವರ ಶುಗರ್ ಈಗ ಹೇಗಿದೆ? ಮಾನಸಳಿಗೆ ಒಳ್ಳೆಯ ಕಡೆ ಕೆಲಸ ಸಿಗಲಿ, ಮುಂದಿನ ಸಲ ಅವಳ ಮದುವೆಗೆ ನಾನು ಓಡಾಡುವ ಹಾಗಾಗಲಿ. ನಮ್ಮ ತಾಯಿ ಚಾಮುಂಡಿ ನಿಮ್ಮನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ,
ಅಂಬುಜಾ

ತಾ. ಕ.: ಮೇಲಿನದೆಲ್ಲ ಬರೆದು, ಸಹಿ ಹಾಕಿ, ಸ್ಟಾಂಪು ಹುಡುಕುತ್ತಿದ್ದೆ. ಅಷ್ಟರಲ್ಲಿ ಅನು ಬಂದಳು. ಉಡುಗೊರೆಗಳನ್ನೆಲ್ಲ ಇವತ್ತು ತೆಗೆದು ನೋಡಿದಳಂತೆ. ಎರಡು ಕವರು ಟೇಬಲ್ ಮೇಲಿಟ್ಟಳು. ಒಂದು ಕೆಂಪು. ಒಳಗೆ ಇನ್ನೂರ ಎಂಬತ್ತೆಂಟು ಡಾಲರ್, ಮೇಲೆ ಎರಡು ಚೀನೀ ಅಕ್ಷರ, ಸೊಟ್ಟಸೊಟ್ಟಗೆ, ಕೆಳಗೆ ನಿನ್ನ ಕನ್ನಡದ ಸಹಿ. ಇನ್ನೊಂದು ಆ ಬಿಳಿಯದು. ಒಳಗೆ ಐದು ಸಾವಿರ, ಮೇಲಿನ ನಾಣ್ಯ ಸೇರಿ ಐದು ಸಾವಿರದ ಒಂದು. "ಅಮ್ಮಾ, ನಿಂಗಿ ಆಂಟಿದು ಈ ರೆಡ್ ಕವರ್. ಹಾಗಾದ್ರೆ ವೈಟ್ ಒನ್ ಯಾರ್ದು?"

ನನ್ನದು ಅಂದೆ. ಬೇರೆ ದಾರಿ ಇರಲಿಲ್ಲ.

"ಮತ್ತೆ ಆಂಟಿ ಯಾಕೆ ಸಾರಿ ಕೇಳಿದ್ರು?" ಎಂದಳು. ಅದಕ್ಕೂ ಹೇಳಿದೆ ನಿಂಗಿ. ಮೇಲೆ "ಹೇಗೋ" ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಹೇಗೋ ಅಲ್ಲ. ಅವತ್ತು ಬೆಳಿಗ್ಗೆಯೇ ನೀನು ಹೇಳಿದ್ದೆ, "ಅಂಬು, ಬಿಳೀದು ಬೇಡ ಕಣೇ, ನಾನು ಸೊಪ್ಪು ತರೋ ಚೈನೀಸ್ ಅಂಗಡಿಯಮ್ಮನ್ನ ಕೇಳ್ಕೊಂಡು ಬಂದಿದೀನಿ" ಎಂದು. ಬರೀ ಕವರಿಗೇ ಇಪ್ಪತ್ತೆರಡು ಡಾಲರ್, ಬೆಳ್ಳಿ ಕೆಲಸದ್ದು, ನಿನಗೇನು ಗೊತ್ತು ಎಂದು ಗದರಿದವಳು ನಾನು. ತಟ್ಟೆ ನಿನ್ನ ಕೈಗೆ ಕೊಟ್ಟವಳೂ ನಾನು. ಷೂಫೆನ್ ಹಿಂದೆ ಸರಿದು ಇದು ಯಾರದೆಂದು ತಮ್ಮ ಕಡೆಯವರೊಬ್ಬರಿಂದ ಕೇಳಿಸಿದಾಗ, "ನಮ್ಮ ಅಡುಗೆಯವಳದು, ಪಾಪ, ಅವಳಿಗೆ ತಿಳಿಯೋದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ಈ ಬಾಯಿ. ನಿನಗೆ ಇಂಗ್ಲಿಷ್ ಬರುತ್ತದೆಂದು ನನಗೆ ಗೊತ್ತಿತ್ತು.

ನೀನು ನನ್ನ ಕಡೆ ಒಂದು ಸಲ ನೋಡಿದೆ. ಆಮೇಲೆ ತಟ್ಟೆ ಹಿಡಿದುಕೊಂಡೇ ಬಗ್ಗಿ, "ಸಾರಿ ಮೇಡಂ, ಗೊತ್ತಾಗ್ಲಿಲ್ಲ" ಅಂದೆ. ಆರು ವಾರದಿಂದ ಅದು ನನ್ನ ಕಿವಿಯಲ್ಲೇ ಇದೆ. ಒಗ್ಗರಣೆ ಹಾಕುವಾಗಲೂ ಕೇಳಿಸುತ್ತದೆ.

ಡಿಯರ್‌ಬಾರ್ನ್‌ನ ಆ ಒಂದು ಬೆಡ್‌ರೂಮಿನ ಮನೆಯಲ್ಲಿ, ನಾನು ಬ್ಯಾಂಕಿನ ಕೆಲಸಕ್ಕೆ ಹೋಗುವಾಗ ಎರಡು ವರ್ಷ ಅನುವಿಗೆ ಅನ್ನ ಕಲಸಿ ತಿನ್ನಿಸಿದವಳು ನೀನು. ಅವಳು ಮೊದಲು "ಅಮ್ಮ" ಅಂದದ್ದೂ ನಿನ್ನನ್ನೇ. ಅವಳು ಈಗ ಅಳಲಿಲ್ಲ, ಕೂಗಾಡಲೂ ಇಲ್ಲ. ಕಾರಿನ ಕೀ ಎತ್ತಿಕೊಂಡು, "ನಮ್ಮತ್ತೆಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?" ಎಂದು ಕೇಳಿ ಹೋದಳು. ನನ್ನ ಮಗಳೆಂದು ಆ ಗಳಿಗೆಯಲ್ಲೂ ಹೆಮ್ಮೆಯಾಯಿತು, ಏನು ಮಾಡಲಿ. ಹಾಗೆ ನೆಟ್ಟಗೆ ನಿಲ್ಲುವುದನ್ನು ನನ್ನಿಂದಂತೂ ಕಲಿತದ್ದಲ್ಲ.

ಮೇಲಿನ ಕಾಗದವನ್ನು ಹರಿದು ಹಾಕಬೇಕೆಂದುಕೊಂಡೆ. ಹರಿಯಲಿಲ್ಲ. ಎಂಥವಳಿಗೆ ಅನ್ನ ಹಾಕಿದೆ ಎಂದು ನಿನಗೂ ಗೊತ್ತಾಗಲಿ.

ಇಪ್ಪತ್ತೇಳಕ್ಕೆ ನಾನೂ ಬರುತ್ತೇನೆ, ಅವರಿಗಿಂತ ಮುಂಚೆ. ಒಳಗೆ ಕರೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಷೂಫೆನ್ ಕಾರಿನಿಂದ ಇಳಿದ ಕೂಡಲೇ ಹೇಳುತ್ತೇನೆ, ಕವರು ನನ್ನದು, ಇವಳು ನನ್ನ ಗೆಳತಿ, ಸುಳ್ಳು ಹೇಳಿದವಳು ನಾನು ಎಂದು. ಹೇಳುವಾಗ ನನ್ನ ನಾಲಿಗೆ ತೊದಲುತ್ತದೆ, ನನಗೆ ಗೊತ್ತು. ಆಗ ನನ್ನ ಮಾನ ಉಳಿಸಲು ನೀನು ಮಧ್ಯೆ ಬಾಯಿ ಹಾಕಬೇಡ ಕಣೇ.