ಮೂವತ್ತು ಬಡಿತ

ಮಾರ್ಚ್ 3, ಸೋಮವಾರ

ಮತ್ತೆ ಅದೇ. ಎದ್ದೆ, ಮಾತ್ರೆ ನುಂಗಿದೆ, ಬಾಲ್ಕನಿಯಲ್ಲಿ ಕೂತೆ, ಎದ್ದೆ. ಸ್ಟೆಂಟ್ ಹಾಕಿಸಿಕೊಂಡು ಮೂರು ವಾರವಾಯಿತು. ಇನ್ನೂ ಐದು ವಾರ ಮನೆಯಲ್ಲೇ ಇರಬೇಕಂತೆ. ಬಂದರಿನ ಕ್ರೇನುಗಳು ಇಲ್ಲಿಂದಲೇ ಕಾಣುತ್ತವೆ. ಎಡದಿಂದ ಮೂರನೆಯದು ನನ್ನದು. ಈಗ ಅದರಲ್ಲಿ ಯಾರೋ ಹೊಸಬ ಕೂತಿದ್ದಾನೆ. ಕಂಟೇನರನ್ನು ತೊಟ್ಟಿಲು ತೂಗಿದ ಹಾಗೆ ತೂಗುತ್ತಾನೆ. ನೋಡಿದರೆ ಮೈ ಉರಿಯುತ್ತದೆ. ನೋಡದೆ ಇರಲೂ ಆಗುವುದಿಲ್ಲ.

ಒಳಗೆ ಇವಳ ಹೊಲಿಗೆ ಮಿಷನ್. ಶಾಲೆಯ ಯೂನಿಫಾರಂ ಆರ್ಡರ್ ಇದೆ. ಟರ್ರ್ — ನಿಲ್ಲುತ್ತದೆ. ಟರ್ರ್ — ನಿಲ್ಲುತ್ತದೆ. ಹಿಂದೆಲ್ಲ ಒಂದೇ ಉಸಿರಿಗೆ ಒಂದು ಅಂಚು ಮುಗಿಸುತ್ತಿದ್ದಳು. ನಾನು ಮನೆಯಲ್ಲಿ ಬಿದ್ದಿರುವುದು ಅವಳ ಕೆಲಸಕ್ಕೂ ಅಡ್ಡಿ ಇರಬೇಕು. ಊಟಕ್ಕಿಲ್ಲದ ಉಪ್ಪಿನಕಾಯಿ ನಾನು.

ಮಾರ್ಚ್ 4

ನಾಡಿ ಎಣಿಸಿ ನೋಡಿಕೊಳ್ಳಿ ಎಂದಿದ್ದಾರೆ ಡಾಕ್ಟರಮ್ಮ. ಫೋನ್ ಮುಂದಿಟ್ಟುಕೊಂಡು ಎಣಿಸಲು ಕೂತರೆ ಯೂನಿಯನ್ ಗ್ರೂಪಿನಲ್ಲಿ ಯಾರಾದರೂ ಗುಡ್ ಮಾರ್ನಿಂಗ್ ಹಾಕುತ್ತಾರೆ. ಎಣಿಕೆ ತಪ್ಪುತ್ತದೆ. ಸಿಟ್ಟಿಗೆ ನಾಡಿ ಏರುತ್ತದೆ.

ಹಾಗೆ ಫೋನ್ ತಿಕ್ಕುತ್ತಾ ಇದ್ದಾಗ ಯಾರೋ ಮಾರಾಟಕ್ಕಿಟ್ಟ ಒಂದು ಹಳೆಯ ವಾಚು ಕಣ್ಣಿಗೆ ಬಿತ್ತು. ಕ್ರೋನೋಗ್ರಾಫ್. ಎಂದರೆ ಕೈಗಡಿಯಾರದ ಹೊಟ್ಟೆಯೊಳಗೇ ಒಂದು ಸ್ಟಾಪ್‌ವಾಚ್. ಕೆನೆ ಬಣ್ಣದ ಮುಖ, ಒಳಗೆ ಎರಡು ಪುಟ್ಟ ವೃತ್ತ, ಪಕ್ಕದಲ್ಲಿ ಎರಡು ಗುಂಡಿ. ಅಂಚಿನ ಸುತ್ತ ಕೆಂಪು ಅಂಕಿಗಳು. ಹಿಂದಿನ ಕಾಲದ ಡಾಕ್ಟರುಗಳಿಗೆಂದೇ ಮಾಡಿದ್ದಂತೆ. ಗುಂಡಿ ಒತ್ತಿ ಮೂವತ್ತು ಬಡಿತ ಎಣಿಸಬೇಕು, ಮತ್ತೆ ಒತ್ತಿ ನಿಲ್ಲಿಸಬೇಕು. ಮುಳ್ಳು ನಿಂತ ಕೆಂಪು ಅಂಕಿಯೇ ನಿಮಿಷದ ನಾಡಿ. ಗುಣಾಕಾರ ಬೇಕಿಲ್ಲ.

ಕಳ್ಳನಿಗೊಂದು ಪಿಳ್ಳೆ ನೆವ. ನನಗೆ ಬೇಕಾಗಿದ್ದದ್ದು ವಾಚು, ನಾಡಿಯಲ್ಲ. ಇಪ್ಪತ್ತನೇ ವಯಸ್ಸಿನಿಂದ ಇಂಥದ್ದೊಂದಕ್ಕೆ ಬಾಯಿ ಬಿಟ್ಟುಕೊಂಡಿದ್ದೆ.

ಮಾರ್ಚ್ 7, ಮಧ್ಯಾಹ್ನ

ಮೂರು ದಿನದಿಂದ ಬೇರೆ ಕೆಲಸವಿಲ್ಲ. ಫೋಟೋ ದೊಡ್ಡದು ಮಾಡುವುದು, ಚಿಕ್ಕದು ಮಾಡುವುದು. ಹೆಸರುವಾಸಿ ಕಂಪನಿಯ ಕ್ರೋನೋಗ್ರಾಫಿಗೆ ಮನೆ ಮಾರಬೇಕು. ಇದರ ಕಂಪನಿ ಯಾವಾಗಲೋ ಮುಚ್ಚಿಹೋಗಿದೆ, ಹೆಸರೂ ಅರ್ಧ ಅಳಿಸಿದೆ, ಗಾಜಿಗೆ ಗೀರು, ಬೆಲ್ಟೇ ಇಲ್ಲ. ಅದಕ್ಕೇ ನನ್ನಂಥವನ ಕೈಗೆ ಎಟುಕುತ್ತಿದೆ. ಒಂದು ಜೊತೆ ಒಳ್ಳೆಯ ಶೂಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಅಷ್ಟು ಅಗ್ಗಕ್ಕೆ ಏಕೆ ಕೊಡುತ್ತಿದ್ದಾನೆ? ಒಳಗೆ ಏನೋ ಹುಳುಕಿದೆ. ಅಥವಾ ಯಾರಾದರೂ ಇಷ್ಟರಲ್ಲೇ ಎತ್ತಿಕೊಂಡು ಹೋಗಿರುತ್ತಾರೆ... ಕೂತಲ್ಲಿ ಕೂರಲಾರೆ.

"ತಗೊಂಡ್ಬಿಡಿ ಮಾರಾಯರೇ," ಅಂದಳು ಇವಳು. "ನೀವು ಹೀಗೆ ಗಿರಗಿರ ತಿರುಗ್ತಿದ್ರೆ ನನ್ನ ಎದೆ ಡಬಡಬ ಅನ್ನುತ್ತೆ."

ಫ್ಯಾನ್ ಜೋರು ಮಾಡಿದಳು. ನನಗೆ ಚಳಿ. ಅವಳಿಗೆ ಸೆಕೆಯಂತೆ.

ಮಾರ್ಚ್ 8, ಶನಿವಾರ

ವಾಚು ತಂದೆ!

ಅಂಗಡಿ ಎಂದರೆ ಹಳೆ ಕಟ್ಟಡದ ಮೆಟ್ಟಿಲ ಕೆಳಗಿನ ಒಂದು ಗೂಡು. ಒಳಗೊಬ್ಬ ಮುದುಕ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾನೆ, ತೆಗೆಯುವುದೇ ಇಲ್ಲ. ಅವನ ಹೆಸರು ಕೇಳಲಿಲ್ಲ. ಭೂತಗನ್ನಡಿ ಎಂದೇ ಇರಲಿ.

"ಅಗ್ಗ ಯಾಕೆ?" ಎಂದೆ, ನೇರವಾಗಿ.

"ಕೇಳೋರಿಲ್ಲ, ಅದಕ್ಕೆ. ಜಾತಕ ಚೆನ್ನಾಗಿದೆ, ಕೂಡಿ ಬಂದಿಲ್ಲ."

ಗುಂಡಿ ಒತ್ತಿ ತೋರಿಸಿದ. ಉದ್ದನೆಯ ಮುಳ್ಳು ಹೊರಟಿತು, ಒಂದಿಷ್ಟೂ ತಡವರಿಸದೆ. ಕಿವಿಗೆ ಹಿಡಿದೆ. ಸಣ್ಣ ಇಲಿ ಕಾಗದ ಕಡಿಯುವ ಹಾಗೆ ಸದ್ದು. "ಓಡ್ತಿರುವಾಗ ಕೆಳಗಿನ ಗುಂಡಿ ಮುಟ್ಬೇಡಿ. ಮೊದಲು ನಿಲ್ಸಿ, ಆಮೇಲೆ ಸೊನ್ನೆಗೆ ತನ್ನಿ. ಅವಸರದೋರ ಕೈಲೇ ಇವು ಕೆಡೋದು." ನನ್ನ ಮುಖ ನೋಡಿಯೇ ಹೇಳಿದನೇನೋ.

ಚೌಕಾಸಿ ಮಾಡಿದೆ. ಗೆದ್ದೆ ಎಂದುಕೊಂಡೆ. ಅವನೂ ನಗುತ್ತಲೇ ಕೊಟ್ಟ, ಹಾಗಾಗಿ ಗೊತ್ತಿಲ್ಲ.

ಇವಳೂ ಜೊತೆಗೆ ಬಂದಿದ್ದಳು, ನಾನು ದಾರಿಯಲ್ಲಿ ಬಿದ್ದರೆ ಎತ್ತಲು. ವಾಪಸ್ ಬಂದರೆ ಲಿಫ್ಟ್ ಕೆಟ್ಟಿತ್ತು. ಎರಡನೇ ಮಹಡಿಯಲ್ಲಿ ಅವಳೇ ಮೆಟ್ಟಿಲ ಮೇಲೆ ಕೂತಳು. "ನೀವು ನಡೀರಿ, ಚಪ್ಪಲಿ ಕಚ್ಚುತ್ತಿದೆ." ಸ್ಟೆಂಟ್ ಹಾಕಿಸಿಕೊಂಡವನು ಮೇಲೆ, ಎತ್ತಲು ಬಂದವಳು ಕೆಳಗೆ. ಮೇಲಿನಿಂದ ಗೇಲಿ ಮಾಡಿದೆ. ನಗಲಿಲ್ಲ.

ಮಾರ್ಚ್ 9

ನನ್ನ ನಾಡಿ 64. ಸಂಜೆ ಬಾಮೈದ ಬಂದಿದ್ದ. ಇವಳ ತಮ್ಮ, ಡ್ರೈವಿಂಗ್ ಸ್ಕೂಲಿನವನು. ವಾಚನ್ನು ತಿರುಗಿಸಿ ಮುರುಗಿಸಿ ನೋಡಿದ.

"ಭಾವ, ಇದಕ್ಕೆ ನಿಮಗಿಂತ ಮೊದಲೇ ಹಾರ್ಟ್ ಅಟ್ಯಾಕ್ ಆಗಿದೆ ಕಣ್ರೀ."

ಅವನ ಕೈ ಹಿಡಿದು ಎಣಿಸಿದೆ. 78. ಕಲಿಯುವವರ ಪಕ್ಕ ದಿನವಿಡೀ ಕೂತವನಿಗೆ ಅದು ಕಡಿಮೆಯೇ. ಕೆಳಗಿನ ಮನೆ ನಿವೃತ್ತ ಮೇಷ್ಟ್ರದ್ದು 70. ಇವಳು ಮಾತ್ರ ಕೈ ಕೊಡಲಿಲ್ಲ. "ನನ್ನದೇನು ನೋಡ್ತೀರಿ, ಒಲೆ ಮೇಲೆ ಹಾಲಿದೆ."

ಮಾರ್ಚ್ 13, ಗುರುವಾರ

ಮೋಸ. ಶುದ್ಧ ಮೋಸ. ಅಗ್ಗದ ಮಾಲಿಗೆ ಮುಗ್ಗರಿಸಿ ಬಿದ್ದೆ.

ಬೆಳಗ್ಗೆ ಇವಳು ಸೂಜಿ, ದಾರ ಹಿಡಿದು ಬಂದಳು. "ಸ್ವಲ್ಪ ಪೋಣಿಸ್ಕೊಡಿ, ಕಣ್ಣು ಕಾಣ್ತಿಲ್ಲ." ಪೋಣಿಸಿ ಕೊಟ್ಟೆ, ಹಾಗೇ ಕೈ ಹಿಡಿದುಕೊಂಡೆ. "ಬಿಡಿ" ಅಂದರೂ ಬಿಡಲಿಲ್ಲ. ಎಣಿಸಿದೆ. ಮುಳ್ಳು 118ಕ್ಕೆ ನಿಂತಿತು. ತಪ್ಪಾಗಿ ಎಣಿಸಿರಬೇಕು. ಇನ್ನೊಮ್ಮೆ — 140. ಇನ್ನೊಮ್ಮೆ — 126. ಒಂದೇ ಕೈ, ಒಂದೇ ಕುರ್ಚಿ, ಮೂರು ಲೆಕ್ಕ! ವಾಚಿನೊಳಗೆ ಚಕ್ರದ ಹಲ್ಲು ಜಾರುತ್ತಿದೆ, ಸಂಶಯವೇ ಇಲ್ಲ. ಬಡಿತವನ್ನು ಹಿಡಿಯಲೂ ಕಷ್ಟವಾಯಿತು, ಎರಡು ಓಡಿ ಬರುತ್ತವೆ, ಮೂರನೆಯದು ಬರುವುದೇ ಇಲ್ಲ. ನನ್ನ ಬೆರಳೂ ಮೊಂಡಾಗಿದೆ ಎಂದು ಕಾಣುತ್ತದೆ.

"ಹಳೇ ಡಬ್ಬ ತಂದು ನನ್ನ ಕೈ ಹಿಂಡ್ತೀರಿ," ಎಂದು ಹೋದಳು.

ಭೂತಗನ್ನಡಿ ನಗುತ್ತಾ ಕೊಟ್ಟಿದ್ದು ಇದಕ್ಕೇ.

ಮಾರ್ಚ್ 14

ನನ್ನ ಕೈಯಲ್ಲಿ 64. ಮತ್ತೆ 64. ಮೇಷ್ಟ್ರದ್ದು 71. ಅವಳದು 132.

ನಮ್ಮೆಲ್ಲರಿಗೂ ಸರಿ ಹೇಳುವ ವಾಚು ಅವಳಿಗೆ ಮಾತ್ರ ಸುಳ್ಳು ಹೇಳುತ್ತದೆಯೇ?

"ನೀವು ಆವತ್ತು ಎದೆ ಹಿಡ್ಕೊಂಡು ಬಚ್ಚಲಲ್ಲಿ ಬಿದ್ರಲ್ಲ, ಆಗಿನಿಂದ ಹೀಗೇ ಡಬಡಬ. ಭಯ ಅದು. ನೀವು ಕೆಲಸಕ್ಕೆ ಹೋದ್ಮೇಲೆ ಸರಿ ಹೋಗುತ್ತೆ."

ಹಾಗೂ ಇರಬಹುದು. ವಾಚೂ ಕೆಟ್ಟಿರಬಹುದು. ವಾಚೇ ಕೆಟ್ಟಿರಬೇಕು.

ಮಾರ್ಚ್ 18, ಮಂಗಳವಾರ. 12 ಗಂಟೆ

ನಾಲ್ಕು ದಿನ ಅಂಗಡಿ ಮುಚ್ಚಿತ್ತು. ಪ್ರತಿದಿನ ಹೋಗಿ ಬಾಗಿಲು ನೋಡಿ ಬಂದೆ. ಇವತ್ತು ತೆಗೆದಿದ್ದ.

ಜಗಳಕ್ಕೆ ಮಾತು ಕೂಡಿಸಿಕೊಂಡೇ ಹೋಗಿದ್ದೆ. ಭೂತಗನ್ನಡಿ ವಾಚನ್ನು ಬಿಚ್ಚಿದ, ನೋಡಿದ, ಮುಚ್ಚಿದ. ತನ್ನದೊಂದು ವಾಚಿನ ಪಕ್ಕದಲ್ಲಿಟ್ಟು ಎರಡರ ಗುಂಡಿಯನ್ನೂ ಒಟ್ಟಿಗೇ ಒತ್ತಿದ. ನಾವಿಬ್ಬರೂ ಮುಳ್ಳುಗಳನ್ನೇ ನೋಡುತ್ತಾ ಕೂತೆವು. ಜೋಡೆತ್ತಿನ ಹಾಗೆ ಹೋದವು, ಜೋಡೆತ್ತಿನ ಹಾಗೆ ಬಂದವು. ಹತ್ತಾರು ಸಲ ಮಾಡಿ ತೋರಿಸಿದ.

"ವಾಚು ಸರಿ ಇದೆ."

"ಸರಿಯಾಗಿ ನೋಡಿ. ಸ್ವಲ್ಪನಾದ್ರೂ ಜಾರ್ತಿರ್ಬೇಕು."

"ಇಲ್ಲ."

"ಕೆಲವು ಸಲ ಮಾತ್ರ ಜಾರಬಹುದಲ್ವಾ? ಒಬ್ಬೊಬ್ಬರ ಹತ್ರ ಒಂದೊಂದು ಥರ?"

ಆಗ ಕಣ್ಣಿನ ಗಾಜು ತೆಗೆದ. ಮೊದಲ ಸಲ ಅವನ ಎರಡು ಕಣ್ಣನ್ನೂ ನೋಡಿದೆ. "ಐವತ್ತು ವರ್ಷದಿಂದ ಕೂತಿದ್ದೀನಿ ಸ್ವಾಮಿ. ಎಲ್ರೂ ಸರಿ ಇದ್ಯಾ ಅಂತ ಕೇಳ್ತಾರೆ. ಕೆಟ್ಟಿದ್ಯಾ ಅಂತ ಬೇಡ್ಕೊಳ್ತಿರೋರು ನೀವೊಬ್ರೇ. ಯಾರ ಕೈ ನೋಡಿದ್ರಿ?"

ದುಡ್ಡು ವಾಪಸ್ ಕೊಡುತ್ತೇನೆ ಎಂದ. ವಾಚು ಕಿತ್ತುಕೊಂಡು ಎದ್ದು ಬಂದೆ. ಮೋಸ ಹೋಗಿರಬೇಕಿತ್ತು ಎಂದು ಇಷ್ಟು ಆಸೆಪಟ್ಟದ್ದು ಜನ್ಮದಲ್ಲಿ ಇದೇ ಮೊದಲು.

ಅದೇ ದಿನ, ಸಂಜೆ

ದೀಪದ ಬುಡದಲ್ಲೇ ಕತ್ತಲು.

ಕಣ್ಣೆದುರಿಗೇ ಇತ್ತು ಎಲ್ಲ. ಆ ಮಿಷನ್ ನಿಂತು ನಿಂತು ಓಡಿದ್ದು ಕಿರಿಕಿರಿಗಲ್ಲ, ದಣಿವಿಗೆ. ಚಪ್ಪಲಿ ಕಚ್ಚಿರಲಿಲ್ಲ. ಸೂಜಿ ಪೋಣಿಸಲು ಆಗದ್ದು ಕಣ್ಣಿನಿಂದಲ್ಲ, ಕೈ ನಡುಗುತ್ತದೆ, ಇವತ್ತು ಲೋಟ ಕೊಡುವಾಗ ನೋಡಿದೆ. ಕಳೆದ ವಾರ ತನ್ನದೇ ಬಟ್ಟೆಗಳನ್ನೆಲ್ಲ ಹರಡಿಕೊಂಡು ಪಕ್ಕ ಹಿಡಿದು ಬಿಗಿ ಮಾಡುತ್ತಿದ್ದಳು. ಏನೇ ಅದು ಎಂದರೆ, ದರ್ಜಿಗೆ ಬೇರೆ ಕೆಲಸವೇನು ಎಂದು ನಕ್ಕಿದ್ದಳು. ಎಷ್ಟು ಸೊರಗಿದ್ದಾಳೆ ಇವಳು! ದೂರದ ಬಂದರಿನ ಕಂಟೇನರ್ ಒಂದು ಗೇಣು ಓಲಾಡಿದರೆ ಕಾಣುವ ಕಣ್ಣು ನನ್ನದು.

ಆಸ್ಪತ್ರೆಗೆ ಹೋಗೋಣ ಎಂದೆ. "ನಿಮ್ಮ ಚೆಕಪ್ ಗುರುವಾರ ತಾನೆ?" ಅಂದಳು. ನಿನಗೆ ಎಂದೆ. "ಇಬ್ಬರೂ ಮಲಗಿದ್ರೆ ನೋಡ್ಕೊಳ್ಳೋರು ಯಾರು? ಸುಮ್ನಿರಿ. ಆ ವಾಚನ್ನ ಮೊದಲು ಎಸೀರಿ."

ಹೆದರಿಕೆಯಾಗುತ್ತಿದೆ. ನನಗೆ ಎದೆನೋವು ಬಂದಾಗಲೂ ಇಷ್ಟು ಆಗಿರಲಿಲ್ಲ.

ಮಾರ್ಚ್ 20, ಗುರುವಾರ. ಆಸ್ಪತ್ರೆ

ಚೆಕಪ್ಪಿಗೆ ಹೋದೆವು. ಡಾಕ್ಟರಮ್ಮ ನನಗೆ ಕೂರಿ ಎಂದರು. ನಾನು ಕೂರಲಿಲ್ಲ. ಇವಳ ಭುಜ ಒತ್ತಿ ಆ ಕುರ್ಚಿಯಲ್ಲಿ ಕೂರಿಸಿದೆ.

"ಇವತ್ತು ನನ್ನದು ಬೇಡ ಡಾಕ್ಟ್ರೇ. ಇವಳ ಕೈ ನೋಡಿ."

"ಇವರಿಗೆ ತಲೆ ಕೆಟ್ಟಿದೆ ಡಾಕ್ಟ್ರೇ," ಎಂದು ಇವಳು ಏಳಲು ಹೋದಳು. ಅಷ್ಟರಲ್ಲಿ ಅವರು ಕೈ ಹಿಡಿದಾಗಿತ್ತು. ಇನ್ನೊಂದು ಕೈಯಲ್ಲಿ ನನ್ನ ಫೈಲಿಗೆ ಏನೋ ಬರೆಯುತ್ತಿದ್ದರು. ಬರೆಯುವುದು ನಿಂತಿತು.

ಆಮೇಲೆ ಎಲ್ಲ ಬೇಗ. ಇಸಿಜಿ, ರಕ್ತ, ಗಾಲಿಕುರ್ಚಿ. ಗಂಟಲಿನ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆಯಂತೆ, ಎದೆಯ ತಾಳ ಅದರಿಂದಲೇ ತಪ್ಪಿದೆಯಂತೆ. "ಇನ್ನೂ ಹೀಗೇ ಬಿಟ್ಟಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿ ತಲೆಗೆ ಏರಬಹುದಿತ್ತು. ಹೇಗೆ ಗೊತ್ತಾಯ್ತು ನಿಮಗೆ?"

ಜೇಬಿನಿಂದ ವಾಚು ತೆಗೆದು ತೋರಿಸಿದೆ.

ವಾರ್ಡಿನೊಳಗೆ ಹೋಗುವ ಮುಂಚೆ ಇವಳು ತಿರುಗಿ ನೋಡಿದಳು. "ಮಾತ್ರೆ ತಗೊಂಡ್ರಾ?" ನನ್ನನ್ನೇ ಕೇಳುತ್ತಾಳೆ ಇನ್ನೂ!

ಮಾರ್ಚ್ 21, ಬೆಳಗ್ಗೆ

ರಾತ್ರಿ ಬಾಮೈದ ನನ್ನನ್ನು ಎಳೆದುಕೊಂಡು ಹೋಗಿ ಮನೆಯಲ್ಲಿ ಮಲಗಿಸಿದ. ಮಲಗಿದ್ದು ಬರೀ ಮೈ. ಬೆಳಕಾಗುತ್ತಲೇ ಬಂದು ಕೂತಿದ್ದೇನೆ. ಔಷಧಿ ಹನಿಹನಿಯಾಗಿ ಹೋಗುತ್ತಿದೆ. ನಾಡಿ ನೂರರೊಳಗೆ ಇಳಿದು ತಾಳಕ್ಕೆ ಬಂದರೆ ಸರಿ. ಇಲ್ಲದಿದ್ದರೆ ಮಧ್ಯಾಹ್ನ ಎದೆಗೆ ಕರೆಂಟು ಕೊಡಬೇಕಾಗುತ್ತದಂತೆ. ಹೆದರಬೇಡಿ ಎಂದರು. ಹೆದರಿದ್ದೇನೆ.

ಅವಳ ತಲೆಯ ಹಿಂದೆ ಯಂತ್ರವಿದೆ, ಅಂಕಿ ಕುಣಿಯುತ್ತಿರುತ್ತದೆ. ಅವಳಿಗೆ ಕಾಣದ ಹಾಗೆ ತಿರುಗಿಸಿದ್ದಾರೆ. ನಾನೂ ಈಚೆ ಕೂತು ನೋಡದೆ ಇದನ್ನು ಗೀಚುತ್ತಿದ್ದೇನೆ. ನೋಡುವ ಧೈರ್ಯ ಇಲ್ಲ.

ಈಗ ಕಣ್ಣು ಬಿಟ್ಟಳು.

"ಎಷ್ಟಿದೆ?"

"ನರ್ಸನ್ನ ಕರೀತೀನಿ, ಇರು."

"ನರ್ಸ್ ಬೇಡ. ಆ ಟೀವಿನೂ ಬೇಡ. ನಿಮ್ಮ ಡಬ್ಬದಲ್ಲಿ ನೋಡಿ ಹೇಳಿ."

ಹೊದಿಕೆಯಿಂದ ಅವಳೇ ಕೈ ತೆಗೆದು ಚಾಚಿದ್ದಾಳೆ. ಮಣಿಕಟ್ಟು ಮೇಲೆ ಮಾಡಿ. ಬೆರಳಿಟ್ಟೆ. ಬೆಚ್ಚಗಿದೆ. ಪೆನ್ನು ಕೆಳಗಿಡಬೇಕು, ಇದಕ್ಕೆ ಎರಡೂ ಕೈ